ಸೀಸದ ಅಕ್ಷರ

ಕಲಾದಗಿಯಲ್ಲಿ, ಚಿಕ್ಕು ತೋಟಗಳ ಹಿಂದೆ,
ಸಾಹೇಬರ ಗೋರಿ ಎನ್ನುತ್ತಾರೆ ಅದಕ್ಕೆ.
ಸಾಹೇಬರು ಹೋಗಿ ಎಷ್ಟೋ ಕಾಲ.
ಜಾಲಿ ಮಾತ್ರ ಹೋಗುವುದಿಲ್ಲ.

ಐತವಾರ ಮುಂಜಾನೆ ನಾವು ಆರು ಮಂದಿ:
ರಿಟೈರಾದ ಬಂದೇನವಾಜ ಮಾಸ್ತರರು, ಕಲ್ಲು ಒಡೆಯುವ ಹುಲಗಪ್ಪ,
ಅವನ ಮಗಳು ದುರಗವ್ವ, ಅವಳು ಕುಡುಗೋಲು ಹಿಡಿದರೆ
ಹಾವೂ ದಾರಿ ಬಿಡುತ್ತದೆ,
ಬಸ್ ಸ್ಟ್ಯಾಂಡಿನ ಚಹಾದ ಮಲಕಾಜಿ,
ಹೆಸರು ಹೇಳದ ಒಬ್ಬ ಕಾಲೇಜು ಹುಡುಗ,
ಮತ್ತೆ ನಾನು, ಬೋರ್ಡು ಬರೆಯುವ ಸಕ್ರೆಪ್ಪ.
ಇಂಗ್ಲಿಷು ನನಗೆ ಬರೀ ಆಕಾರ. ಅರ್ಥ ಮಾಸ್ತರರದು.

"ರೊಕ್ಕಾ ಯಾರ್ ಕೊಡ್ತಾರ?" ದಾರಿಹೋಕರ ಪ್ರಶ್ನೆ.
ಯಾರೂ ಇಲ್ಲ.
"ಮತ್ಯಾಕ?"
ಆರು ಮಂದಿಯಲ್ಲಿ ಇದಕ್ಕೆ ಆರು ಉತ್ತರ.
ಮಲಕಾಜಿಯದು ಎಲ್ಲಕ್ಕಿಂತ ಸಣ್ಣದು:
"ಐತವಾರ ಮನ್ಯಾಗ ಕುಂತ್ರ ಜಗಳ."

ಇಲ್ಲಿ ಕೆಲವು ಕಲ್ಲುಗಳಲ್ಲಿ ಹೆಸರು ಕೆತ್ತಿಲ್ಲ, ನಾಟಿದ್ದಾರೆ.
ಸೀಸದ ಅಕ್ಷರ, ಕಾಲಿಗೊಂದು ತೂತು.
ಸೀಸ ಬಲೆಗೆ ಒಳ್ಳೆಯ ಭಾರ.
ನನ್ನಪ್ಪನ ಓರಗೆಯ ಹುಡುಗರು ಒಂದೊಂದೇ ಕಿತ್ತು
ಘಟಪ್ರಭೆಗೆ ಒಯ್ದರು.
(ಅಪ್ಪನೂ ಇದ್ದ ಅವರಲ್ಲಿ.
ಮಾಸ್ತರರಿಗೆ ಇದನ್ನು ಹೇಳಿಲ್ಲ.)
ಕರ್ನಲ್ ಒಬ್ಬನ ಅರ್ಧ ಹೆಸರು
ಎಷ್ಟೋ ವರ್ಷ ಮೀನು ಹಿಡಿಯಿತು.

ಉಳಿದ ತೂತುಗಳ ಮೇಲೆ ಬೆರಳಿಡುತ್ತೇನೆ:
ನಾಲ್ಕಿದ್ದರೆ ಎಚ್ ಇರಬಹುದು, ಎರಡಿದ್ದರೆ ಐ.
ಮಾಸ್ತರರು ಕಣ್ಣು ಮುಚ್ಚಿ ಕೂಡಿಸುತ್ತಾರೆ.

ಒಂದು ಕಲ್ಲು ಸಿಕ್ಕದ್ದು ಹೊಳಿ ಓಣಿಯಲ್ಲಿ,
ಸಿದ್ಲಿಂಗವ್ವನ ಹಿತ್ತಲಲ್ಲಿ, ಮೈತುಂಬ ನೊರೆ ಹೊತ್ತು.
"ನಮ್ಮತ್ತಿ ಒಗದಾಳ, ನಾ ಒಗದೀನಿ. ಇದನ್ನ ಕೊಟ್ರ
ನಾಳೆ ಅರಿವಿ ನಿಮ್ಮ ತಲಿ ಮ್ಯಾಲ ಒಗೀಲೇನು?"
ಹೊಸ ಕಲ್ಲು ಕೊಡುತ್ತೇನೆಂದ ಹುಲಗಪ್ಪ.
ಅವಳು ಸೊಂಟದ ಮೇಲಿನ ಕೈ ತೆಗೆಯಲಿಲ್ಲ.
"ಅಂತಾದ್ದೇನೈತಿ ಅದರಾಗ? ಓದ್ರಿ, ನೋಡೂಣು."

ಹೆಸರಿನ ಜಾಗದಲ್ಲಿ ಹದಿಮೂರು ತೂತು, ಸಾಬೂನು ತುಂಬಿ.
ಕೆಳಗೆ ಉಳಿಯಲ್ಲಿ ಕೊರೆದ ಸಾಲು, ಒಗೆತಕ್ಕೆ ಸವೆದು.
ಮಾಸ್ತರರು ನೀರು ಸುರಿದು, ಓರೆಯಾಗಿ ಬಗ್ಗಿ ಓದಿದರು:
"ಹನ್ನೊಂದು ತಿಂಗಳು. ಒಂಬತ್ತು ದಿನ."

ಅವಳು ನಳ ಬಂದ್ ಮಾಡಿದಳು.
"ಹೆಣ್ಣೋ, ಗಂಡೋ?"
"ಗೊತ್ತಾಗೂದಿಲ್ಲ."
ತಂತಿಯ ಮೇಲೆ ಒದ್ದೆ ಧೋತರ ಹನಿಯುತ್ತಿತ್ತು.
"ಇಪ್ಪತ್ತಾರ ವರ್ಷ ಬಡದೀನಿ," ಎಂದಳು,
ಬಕೆಟ್ಟು ಸರಿಸಿ ತಾನೇ ಕಲ್ಲು ತಿಕ್ಕಿದಳು,
ಬರಿಗೈಯಲ್ಲಿ, ಮೆಲ್ಲಗೆ.

ತಂದದ್ದೇನೋ ಹೌದು. ಇಡುವುದೆಲ್ಲಿ?
ಬೇವಿನ ಕೆಳಗೆ ಸಣ್ಣ ದಿಬ್ಬಗಳೇ ಏಳಿವೆ,
ಬೇನೆಯ ವರ್ಷದವೋ, ಬರದ ವರ್ಷದವೋ,
ಒಂದಕ್ಕೂ ತಲೆಗಲ್ಲಿಲ್ಲ.
ಮಾಸ್ತರರು ಟೇಪು ಹಿಡಿದು ಒದ್ದಾಡಿದರು:
ತಪ್ಪು ಗೋರಿಗೆ ಇಟ್ಟರೆ ಕಲ್ಲೂ ಸುಳ್ಳು ಹೇಳುತ್ತದೆ.
ಫೋಟೊ ತೆಗೆಯುತ್ತಿದ್ದ ಹುಡುಗ ನಿಲ್ಲಿಸಿದ.

ಸಿದ್ಲಿಂಗವ್ವ ಬಂದದ್ದು ಆಗ.
ಹೂವಿಲ್ಲ, ಕಾಯಿಲ್ಲ, ಸುಮ್ಮನೆ.
ಏಳೂ ದಿಬ್ಬ ನೋಡಿ, ನಡುವಿನ ಖಾಲಿ ನೆಲ ತೋರಿಸಿದಳು.
"ಇಲ್ಲಿಡ್ರಿ. ಕೂಸುಗೋಳು.
ಹಂಚ್ಕೋತಾವ."

ಹುಲಗಪ್ಪನ ಹೊಸ ಕಲ್ಲು ಅವಳಿಗೆ ಹಿಡಿಸಿಲ್ಲ,
ಅರಿವಿ ಹರಿಯುತ್ತದಂತೆ. ಸಿಕ್ಕಾಗಲೆಲ್ಲ ಬಯ್ಯುತ್ತಾಳೆ.
ಹದಿಮೂರು ತೂತಿಗೆ ಆಗುವ ಹೆಸರು
ಮಾಸ್ತರರು ಮೂರು ಬರೆದುಕೊಟ್ಟಿದ್ದಾರೆ.
ಬಿಳಿ ಬಣ್ಣವಿದೆ, ಸಣ್ಣ ಕುಂಚವಿದೆ.
ನಾನು ಯಾವುದನ್ನೂ ಬರೆದಿಲ್ಲ.

ಕಳೆದ ವಾರ ಅಟ್ಟದಿಂದ ಅಪ್ಪನ ಬಲೆ ಇಳಿಸಿದೆ.
ಅಂಚಿನ ಗುಂಡುಗಳೆಲ್ಲ ಕರಗಿಸಿ ಎರೆದವು,
ಯಾವುದು ಯಾರ ಅಕ್ಷರವೋ.
ಒಂದನ್ನು ಮಾತ್ರ ಅವನು ಕರಗಿಸಿರಲಿಲ್ಲ,
ದಾರದ ಸುತ್ತ ಹಾಗೇ ಮಡಚಿದ್ದ.
ಬಿಡಿಸಿದೆ. ಮೂರು ಕಾಲು.

ಐತವಾರ ಜೇಬಿನಲ್ಲಿಟ್ಟುಕೊಂಡು ಹೋಗುತ್ತೇನೆ,
ಯಾರೂ ನೋಡದಾಗ ಕಲ್ಲಿಂದ ಕಲ್ಲಿಗೆ ಹಚ್ಚಿ ನೋಡುತ್ತೇನೆ.
ಇನ್ನೂ ಕೂತಿಲ್ಲ.
ಪಡುವಣದ ಅರ್ಧ ಇನ್ನೂ ಜಾಲಿಯೊಳಗಿದೆ.